ಹೊರದೇಶದಿಂದ ಸಾಕ್ಷ್ಯ ಕೋರುವ ಪತ್ರ: ಯುಎನ್‌ಒಡಿಸಿ ತಂತ್ರಾಂಶ ಎಲ್ಲಿಯವರೆಗೆ ಕೈಹಿಡಿಯುತ್ತದೆ?

ಬೇರೊಂದು ದೇಶದ ಬ್ಯಾಂಕಿನಲ್ಲಿರುವ ಖಾತೆಯ ವಿವರ, ಅಲ್ಲಿ ನೆಲೆಸಿರುವ ಸಾಕ್ಷಿಯ ಹೇಳಿಕೆ, ಅಲ್ಲಿನ ಕಂಪನಿಯೊಂದರ ಸರ್ವರಿನಲ್ಲಿ ಉಳಿದಿರುವ ಇಮೇಲ್ ಕ್ರಿಮಿನಲ್ ಪ್ರಕರಣವೊಂದಕ್ಕೆ ಬೇಕಾದಾಗ ತನಿಖಾಧಿಕಾರಿ ತಾನೇ ಹೋಗಿ ಅವನ್ನು ಪಡೆದು ಬರುವಂತಿಲ್ಲ. ತನ್ನ ಸರ್ಕಾರದ ಮೂಲಕ ಆ ಸರ್ಕಾರಕ್ಕೆ ಲಿಖಿತ ಕೋರಿಕೆ ಕಳುಹಿಸಬೇಕು, ಅಲ್ಲಿನ ಅಧಿಕಾರಿಗಳು ಅಲ್ಲಿನ ಕಾನೂನಿನ ಪ್ರಕಾರ ಅದನ್ನು ಪಡೆದು ಕಳುಹಿಸುವವರೆಗೆ ಕಾಯಬೇಕು. ಕೋರಿಕೆಯ ಬರವಣಿಗೆ ಸರಿಯಿಲ್ಲದಿದ್ದರೆ ಅದು ತಿಂಗಳುಗಟ್ಟಲೆ ಮೇಜಿನಿಂದ ಮೇಜಿಗೆ ಅಲೆದು, ಹೆಚ್ಚಿನ ವಿವರ ಒದಗಿಸಿ ಎಂಬ ಒಂದೇ ಸಾಲಿನ ಟಿಪ್ಪಣಿಯೊಂದಿಗೆ ಮರಳಿ ಬರುವುದು ಈ ಕ್ಷೇತ್ರದಲ್ಲಿ ಮಾಮೂಲಿ. ವಿಯೆನ್ನಾದಲ್ಲಿ ಕೇಂದ್ರ ಕಚೇರಿ ಇರುವ ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ಕಚೇರಿ, ಅಂದರೆ ಯುಎನ್‌ಒಡಿಸಿ, ಈ ಬರವಣಿಗೆಗೆ ನೆರವಾಗಲೆಂದೇ ಒಂದು ತಂತ್ರಾಂಶವನ್ನು ರೂಪಿಸಿ ಉಚಿತವಾಗಿ ಒದಗಿಸುತ್ತಿದೆ. ಅದರ ಹೆಸರು ಮ್ಯೂಚುವಲ್ ಲೀಗಲ್ ಅಸಿಸ್ಟೆನ್ಸ್ ರಿಕ್ವೆಸ್ಟ್ ರೈಟರ್ ಟೂಲ್, ಅಂದರೆ ಪರಸ್ಪರ ಕಾನೂನು ನೆರವಿನ ಕೋರಿಕೆ ಬರೆಯುವ ಸಾಧನ; ಬಳಸುವವರು ಎಂಎಲ್‌ಎ ಟೂಲ್ ಎಂದು ಚಿಕ್ಕದಾಗಿ ಕರೆಯುತ್ತಾರೆ. ಇದು ಅಭಿಯೋಜಕರು, ತನಿಖಾಧಿಕಾರಿಗಳು ಮತ್ತು ಇಂಥ ಕೋರಿಕೆಗಳನ್ನು ನೋಡಿಕೊಳ್ಳಲು ಆಯಾ ದೇಶ ಹೆಸರಿಸಿರುವ ಕೇಂದ್ರ ಪ್ರಾಧಿಕಾರದ ಸಿಬ್ಬಂದಿಗಾಗಿ ಇರುವ ಸಾಧನವೇ ಹೊರತು ಸಾರ್ವಜನಿಕರ ಬಳಕೆಗಲ್ಲ. ಆದರೂ ದೇಶದೇಶಗಳ ನಡುವೆ ಕಾನೂನು ಕಾಗದಪತ್ರ ಹೇಗೆ ಓಡಾಡುತ್ತದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದನ್ನು ತಿಳಿಯಬಯಸುವ ಯಾರಿಗಾದರೂ ಇದರ ರಚನೆ ಒಂದು ಒಳ್ಳೆಯ ಪಾಠ. ಕೋರಿಕೆಯ ಎಲುಬಿನ ಗೂಡನ್ನು ಇದು ಬಹಳ ಅಚ್ಚುಕಟ್ಟಾಗಿ ನಿಲ್ಲಿಸಿಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ. ಆದರೆ ಕೋರಿಕೆ ನಿಜವಾಗಿ ಗೆಲ್ಲುವ ಅಥವಾ ಸೋಲುವ ಭಾಗದಲ್ಲಿ ಇದು ಬರೆಯುವವರನ್ನು ಬಹುಮಟ್ಟಿಗೆ ಅವರ ಪಾಡಿಗೆ ಬಿಟ್ಟುಬಿಡುತ್ತದೆ.

ಇಂಥ ಸಾಧನದ ಅಗತ್ಯ ಏಕೆ ಬಂತು ಎಂಬುದನ್ನು ಮೊದಲು ಹೇಳಬೇಕು. ಹಿಂದೆ ಒಂದು ನ್ಯಾಯಾಲಯ ಮತ್ತೊಂದು ದೇಶದ ನ್ಯಾಯಾಲಯಕ್ಕೆ ಬರೆಯುತ್ತಿದ್ದ ಲೆಟರ್ ರೊಗೇಟರಿಯೇ ಇದ್ದ ಒಂದು ದಾರಿ. ಅದು ವಿದೇಶಾಂಗ ಸಚಿವಾಲಯ, ರಾಯಭಾರ ಕಚೇರಿ, ಅಲ್ಲಿನ ವಿದೇಶಾಂಗ ಸಚಿವಾಲಯ, ನ್ಯಾಯ ಸಚಿವಾಲಯ ಎಂಬ ಮೆಟ್ಟಿಲುಗಳನ್ನೆಲ್ಲ ಹತ್ತಿಳಿದು ತಲುಪಬೇಕಿತ್ತು, ಮತ್ತು ಅದನ್ನು ಈಡೇರಿಸುವುದು ಸೌಜನ್ಯದ ವಿಷಯವಾಗಿತ್ತೇ ಹೊರತು ಬಾಧ್ಯತೆಯಾಗಿರಲಿಲ್ಲ. 1959ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಸಹಿಯಾದ ಯುರೋಪಿನ ಪರಸ್ಪರ ನೆರವಿನ ಒಡಂಬಡಿಕೆ, 1973ರಲ್ಲಿ ಅಮೆರಿಕ ಮತ್ತು ಸ್ವಿಟ್ಜರ್ಲೆಂಡ್ ಮಾಡಿಕೊಂಡ ದ್ವಿಪಕ್ಷೀಯ ಒಪ್ಪಂದ, 1986ರ ಕಾಮನ್‌ವೆಲ್ತ್ ದೇಶಗಳ ಹರಾರೆ ವ್ಯವಸ್ಥೆ, ಇವೆಲ್ಲ ಸೌಜನ್ಯವನ್ನು ಹಂತಹಂತವಾಗಿ ಕಟ್ಟುಪಾಡಿನ ಕಡೆಗೆ ತಂದವು. 2000ದಲ್ಲಿ ಅಂಗೀಕಾರವಾದ ವಿಶ್ವಸಂಸ್ಥೆಯ ಸಂಘಟಿತ ಅಪರಾಧ ವಿರೋಧಿ ಒಡಂಬಡಿಕೆಯ 18ನೇ ವಿಧಿ ಮತ್ತು 2003ರ ಭ್ರಷ್ಟಾಚಾರ ವಿರೋಧಿ ಒಡಂಬಡಿಕೆಯ 46ನೇ ವಿಧಿ ಬಂದ ಮೇಲೆ, ಪ್ರತ್ಯೇಕ ಒಪ್ಪಂದವಿಲ್ಲದ ಎರಡು ದೇಶಗಳ ನಡುವೆಯೂ ಕೋರಿಕೆಗೆ ಒಂದು ಕಾನೂನಿನ ತಳಹದಿ ಸಿಕ್ಕಿತು. ಪ್ರತಿಯೊಂದು ದೇಶವೂ ಕೋರಿಕೆಗಳನ್ನು ಸ್ವೀಕರಿಸುವ ಒಂದು ಕೇಂದ್ರ ಪ್ರಾಧಿಕಾರವನ್ನು ಹೆಸರಿಸಬೇಕು ಎಂಬ ನಿಯಮವೂ ಅವುಗಳಲ್ಲೇ ಇದೆ. ತಳಹದಿ ಸಿಕ್ಕರೂ ಬರವಣಿಗೆಯ ಕಷ್ಟ ತಪ್ಪಲಿಲ್ಲ. ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಇಂಥ ಕೋರಿಕೆ ಬರೆಯುವ ಪ್ರಮೇಯ ಬರುವ ಅಧಿಕಾರಿಗೆ ಎದುರಿನವರು ಏನನ್ನು ಬಯಸುತ್ತಾರೆ ಎಂಬುದು ಹೇಗೆ ತಿಳಿಯಬೇಕು?

ತಂತ್ರಾಂಶ ಉತ್ತರಿಸಲು ಹೊರಟಿರುವುದು ಈ ಪ್ರಶ್ನೆಗೇ. ಪರಸ್ಪರ ನೆರವಿನ ಪೂರ್ವಾನುಭವ ಬಹುತೇಕ ಬೇಡ ಎಂಬುದು ಯುಎನ್‌ಒಡಿಸಿಯ ಹೇಳಿಕೆ, ಮತ್ತು ಒಂದು ಮಿತಿಯವರೆಗೆ ಅದು ನಿಜ. ಸಾಕ್ಷಿಯ ಹೇಳಿಕೆ ಬೇಕೇ, ದಾಖಲೆ ಬೇಕೇ, ಶೋಧನೆ ಮತ್ತು ಜಪ್ತಿ ಆಗಬೇಕೇ, ಆಸ್ತಿ ಮುಟ್ಟುಗೋಲು ಹಾಕಬೇಕೇ ಎಂದು ನೆರವಿನ ಬಗೆಯನ್ನು ಆರಿಸಿದರೆ, ಆ ಬಗೆಗೆ ತಕ್ಕ ನಮೂನೆಗಳು ಒಂದಾದ ಮೇಲೊಂದು ತೆರೆದುಕೊಳ್ಳುತ್ತವೆ. ಅಗತ್ಯ ಮಾಹಿತಿಯೊಂದನ್ನು ಬಿಟ್ಟು ಮುಂದಿನ ಪರದೆಗೆ ಹೋಗಲು ಯತ್ನಿಸಿದರೆ ಎಚ್ಚರಿಕೆ ಬರುತ್ತದೆ. ಎಲ್ಲ ತುಂಬಿದ ಮೇಲೆ, ಅದುವರೆಗೆ ಕೊಟ್ಟ ಉತ್ತರಗಳನ್ನು ಒಗ್ಗೂಡಿಸಿ, ಕೊನೆಯ ತಿದ್ದುಪಡಿಗೂ ಸಹಿಗೂ ಸಿದ್ಧವಾದ ಒಂದು ಕರಡು ಕೋರಿಕೆಯನ್ನು ಅದು ತಾನೇ ತಯಾರಿಸಿಕೊಡುತ್ತದೆ. ಹಳೆಯ ಆವೃತ್ತಿಯನ್ನು ಪರಿಷ್ಕರಿಸಿದಾಗ ಎಲೆಕ್ಟ್ರಾನಿಕ್ ಸಾಕ್ಷ್ಯ, ಜಂಟಿ ತನಿಖೆ, ಕಾನೂನುಬಾಹಿರ ಸರಕನ್ನು ಕಣ್ಗಾವಲಿನಲ್ಲಿಟ್ಟು ಸಾಗಗೊಡುವ ನಿಯಂತ್ರಿತ ರವಾನೆ ಮುಂತಾದ ವಿಷಯಗಳನ್ನೂ ಸೇರಿಸಲಾಗಿದೆ. ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್, ರಷ್ಯನ್ ಸೇರಿದಂತೆ ಹಲವು ಭಾಷೆಗಳಲ್ಲಿ ಇದು ದೊರೆಯುತ್ತದೆ. ನೋಟಕ್ಕೆ ಸಾದಾ ಸೀದಾ ಆಗಿದೆ. ಸರ್ಕಾರಿ ಕೆಲಸದ ತಂತ್ರಾಂಶಕ್ಕೆ ಅದಕ್ಕಿಂತ ಹೆಚ್ಚಿನ ಅಲಂಕಾರ ಬೇಕಿಲ್ಲವೆಂದೇ ನನಗನ್ನಿಸುತ್ತದೆ.

ಈ ಕ್ರಮ ಎಲ್ಲಿಂದ ಬಂತು ಎಂಬುದು ಸಂಘಟಿತ ಅಪರಾಧ ವಿರೋಧಿ ಒಡಂಬಡಿಕೆಯ 18ನೇ ವಿಧಿಯ 15ನೇ ಪರಿಚ್ಛೇದವನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದರೆ ಸ್ಪಷ್ಟವಾಗುತ್ತದೆ. ಕೋರುತ್ತಿರುವ ಪ್ರಾಧಿಕಾರ ಯಾವುದು, ತನಿಖೆಯ ಸ್ವರೂಪವೇನು ಮತ್ತು ಅದನ್ನು ಯಾರು ನಡೆಸುತ್ತಿದ್ದಾರೆ, ಸಂಗತಿಗಳ ಸಾರಾಂಶವೇನು, ಬೇಕಾದ ನೆರವು ಯಾವುದು ಮತ್ತು ಅದರಲ್ಲಿ ಯಾವುದಾದರೂ ನಿರ್ದಿಷ್ಟ ವಿಧಾನ ಅನುಸರಿಸಬೇಕೇ, ಸಾಧ್ಯವಾದಲ್ಲಿ ಸಂಬಂಧಪಟ್ಟ ವ್ಯಕ್ತಿಯ ಗುರುತು, ನೆಲೆ ಮತ್ತು ರಾಷ್ಟ್ರೀಯತೆ ಏನು, ಸಾಕ್ಷ್ಯ ಯಾವ ಉದ್ದೇಶಕ್ಕೆ ಬೇಕು ಎಂಬುವೇ ಆ ಪರಿಚ್ಛೇದ ಕಡ್ಡಾಯ ಮಾಡಿರುವ ಅಂಶಗಳು. ಓದಲು ಸರಳವಾಗಿ ಕಾಣುವ ಈ ಪಟ್ಟಿಯಲ್ಲಿ ಮೂರನೆಯದು, ಅಂದರೆ ಸಂಗತಿಗಳ ಸಾರಾಂಶ, ಉಳಿದೆಲ್ಲವನ್ನೂ ಹೊತ್ತು ನಿಲ್ಲುವ ಅಂಶ. ಅದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಒಂದು ಕಾಲ್ಪನಿಕ ಪ್ರಕರಣವನ್ನು ತೆಗೆದುಕೊಳ್ಳೋಣ. ಒಂದು ಸರ್ಕಾರಿ ಗುತ್ತಿಗೆಯಲ್ಲಿ ಲಂಚ ಪಡೆದ ಅಧಿಕಾರಿಯ ಹಣ ಹೊರದೇಶದ ಬ್ಯಾಂಕಿನಲ್ಲಿದೆ ಎಂಬುದು ಆರೋಪ. ಅನನುಭವಿಯೊಬ್ಬರು ಸಂಗತಿಗಳ ಜಾಗದಲ್ಲಿ ಹೀಗೆ ಬರೆಯುತ್ತಾರೆ: “ಆರೋಪಿಯು ಲಂಚ ಪಡೆದು ಅಪಾರ ಆಸ್ತಿ ಗಳಿಸಿರುವುದು ತನಿಖೆಯಿಂದ ತಿಳಿದುಬಂದಿರುತ್ತದೆ. ಆದುದರಿಂದ ಆತನ ಹಾಗೂ ಆತನ ಕುಟುಂಬದವರ ಹೆಸರಿನಲ್ಲಿ ತಮ್ಮ ದೇಶದಲ್ಲಿರುವ ಎಲ್ಲ ಬ್ಯಾಂಕ್ ಖಾತೆಗಳ ಸಂಪೂರ್ಣ ವಿವರ ಒದಗಿಸಬೇಕಾಗಿ ಕೋರಲಾಗಿದೆ.” ತಂತ್ರಾಂಶದ ದೃಷ್ಟಿಯಲ್ಲಿ ಆ ಜಾಗ ತುಂಬಿದೆ, ಎಚ್ಚರಿಕೆ ಬರಲು ಕಾರಣವಿಲ್ಲ. ಆದರೆ ಅದನ್ನು ಸ್ವೀಕರಿಸುವ ದೇಶದ ಕೇಂದ್ರ ಪ್ರಾಧಿಕಾರದ ವಕೀಲರು ಇಷ್ಟನ್ನು ಹಿಡಿದುಕೊಂಡು ತಮ್ಮ ನ್ಯಾಯಾಧೀಶರ ಮುಂದೆ ನಿಲ್ಲಲಾರರು. ಯಾರು ಲಂಚ ಕೊಟ್ಟರು, ಯಾವಾಗ ಕೊಟ್ಟರು, ಅದಕ್ಕೆ ಪ್ರತಿಯಾಗಿ ಯಾವ ಕೆಲಸವಾಯಿತು, ಹಣ ಆ ದೇಶಕ್ಕೆ ಬಂದಿದೆಯೆಂದು ನಂಬಲು ಆಧಾರವೇನು, ಕುಟುಂಬದವರ ಖಾತೆಗೂ ಅಪರಾಧಕ್ಕೂ ಏನು ಸಂಬಂಧ ಎಂಬ ಒಂದು ಪ್ರಶ್ನೆಗೂ ಅದರಲ್ಲಿ ಉತ್ತರವಿಲ್ಲ. ಏನೋ ಸಿಗಬಹುದೆಂಬ ಆಸೆಯಿಂದ ಬಲೆ ಬೀಸುವ ಕೋರಿಕೆ ಎಂದು ಅವರು ಅದನ್ನು ಪಕ್ಕಕ್ಕೆ ಸರಿಸುತ್ತಾರೆ.

ಅದೇ ಸಂಗತಿಯನ್ನು ಅನುಭವಿ ಅಭಿಯೋಜಕರು ಬರೆಯುವ ರೀತಿಯೇ ಬೇರೆ. ಗುತ್ತಿಗೆ ಮಂಜೂರಾದ ದಿನಾಂಕ, ಅದರ ಕಡತಕ್ಕೆ ಸಹಿ ಹಾಕಿದವರು ಯಾರು, ಮಂಜೂರಾತಿಯಾದ ವಾರದೊಳಗೆ ಗುತ್ತಿಗೆದಾರ ಕಂಪನಿಯ ಖಾತೆಯಿಂದ ಹೊರಹೋದ ಮೊತ್ತ, ಆ ವರ್ಗಾವಣೆಯ ಕಾಗದದಲ್ಲಿ ನಮೂದಾಗಿರುವ ಹೊರದೇಶದ ಖಾತೆ ಸಂಖ್ಯೆ, ಆ ಖಾತೆ ಅಧಿಕಾರಿಯ ಪತ್ನಿಯ ಹೆಸರಿನಲ್ಲಿದೆಯೆಂದು ಹೇಳಿರುವ ಸಾಕ್ಷಿ ಯಾರು ಮತ್ತು ಆ ಸಾಕ್ಷಿಗೆ ಅದು ತಿಳಿದದ್ದು ಹೇಗೆ ಎಂಬುದನ್ನು ಅವರು ಕಾಲಾನುಕ್ರಮದಲ್ಲಿ ಇಡುತ್ತಾರೆ. ಅನಂತರ, ಇಂಥ ಸಂಖ್ಯೆಯ ಖಾತೆಯ ತೆರೆಯುವ ಅರ್ಜಿ, ಗುರುತಿನ ದಾಖಲೆಗಳು ಮತ್ತು ಇಂಥ ತಿಂಗಳಿನಿಂದ ಇಂಥ ತಿಂಗಳವರೆಗಿನ ವ್ಯವಹಾರ ಪಟ್ಟಿ ಬೇಕು, ಇವು ಲಂಚದ ಹಣ ಸೇರಿದ ಜಾಗವನ್ನು ಸಾಬೀತುಪಡಿಸಲು ಬೇಕು ಎಂದು ಮುಗಿಸುತ್ತಾರೆ. ಸಾಕ್ಷ್ಯವನ್ನು ಅಪರಾಧಕ್ಕೆ ಬಿಗಿಯಾಗಿ ಕಟ್ಟುವ ಈ ಕೊಂಡಿಯನ್ನೇ ಎಲ್ಲ ಕೇಂದ್ರ ಪ್ರಾಧಿಕಾರಗಳೂ ಮೊದಲು ಹುಡುಕುವುದು. ತಂತ್ರಾಂಶ ಆ ಜಾಗ ಖಾಲಿಯಿದೆಯೇ ಎಂಬುದನ್ನು ನೋಡಬಲ್ಲದು, ಕೊಂಡಿ ಇದೆಯೇ ಎಂಬುದನ್ನು ನೋಡಲಾರದು. ಯಾವ ನಮೂನೆಯೂ ನೋಡಲಾರದು ಎಂಬುದನ್ನು ಒಪ್ಪುತ್ತೇನೆ. ಆದರೆ ಅದು ತಯಾರಿಸಿಕೊಡುವ ಕರಡು ಶೀರ್ಷಿಕೆ, ಪರಿಚ್ಛೇದ, ವಿಧಿಗಳ ಉಲ್ಲೇಖಗಳೊಡನೆ ಎಷ್ಟು ಗಂಭೀರವಾಗಿ ಕಾಣುತ್ತದೆಯೆಂದರೆ, ಒಳಗಿನ ಟೊಳ್ಳು ಬರೆದವರ ಕಣ್ಣಿಗೇ ಬೀಳದೆ ಹೋಗುವ ಅಪಾಯವಿದೆ. ಕೈಯಲ್ಲಿ ಬರೆದ ಕೆಟ್ಟ ಕೋರಿಕೆ ಕನಿಷ್ಠ ಕೆಟ್ಟದಾಗಿ ಕಾಣುತ್ತಿತ್ತು.

ಕಾನೂನಿನ ಭಾಗದಲ್ಲಿ ತಂತ್ರಾಂಶದ ನೆರವು ಹೆಚ್ಚು ಗಟ್ಟಿಯಾಗಿದೆ. ಆಪಾದಿತ ಕೃತ್ಯಕ್ಕೆ ಅನ್ವಯಿಸುವ ಕಲಮುಗಳ ಪೂರ್ಣ ಪಾಠವನ್ನೂ ಗರಿಷ್ಠ ಶಿಕ್ಷೆಯನ್ನೂ ಕೊಡಬೇಕೆಂಬುದು ಹಲವರು ಮರೆಯುವ ಸಂಗತಿ. ಕಲಮಿನ ಸಂಖ್ಯೆಯನ್ನಷ್ಟೇ ಬರೆದರೆ ಹೊರದೇಶದ ವಕೀಲರಿಗೆ ಅದರಿಂದ ಏನೂ ತಿಳಿಯದು. ಕೃತ್ಯ ಎರಡೂ ದೇಶಗಳಲ್ಲಿ ಅಪರಾಧವಾಗಿರಬೇಕು ಎಂಬ ಉಭಯ ಅಪರಾಧ ತತ್ವವನ್ನು ಅವರು ಪರಿಶೀಲಿಸುವುದು ಅಪರಾಧದ ಹೆಸರಿನ ಮೇಲಲ್ಲ, ವರ್ತನೆಯ ಮೇಲೆ. ಭ್ರಷ್ಟಾಚಾರ ವಿರೋಧಿ ಒಡಂಬಡಿಕೆಯಂತೂ ಈ ಮಾತನ್ನು ಸ್ಪಷ್ಟವಾಗಿಯೇ ಹೇಳಿದೆ: ಎರಡೂ ಕಾನೂನುಗಳು ಅಪರಾಧವನ್ನು ಒಂದೇ ವರ್ಗದಲ್ಲಿ ಇಟ್ಟಿರಬೇಕಿಲ್ಲ, ಒಂದೇ ಹೆಸರಿನಿಂದ ಕರೆದಿರಬೇಕಿಲ್ಲ, ಆಧಾರವಾಗಿರುವ ವರ್ತನೆ ಎರಡೂ ಕಡೆ ಅಪರಾಧವಾಗಿದ್ದರೆ ಸಾಕು. ತೆರಿಗೆ ತಪ್ಪಿಸಿದ ಪ್ರಕರಣವನ್ನು ಬರೀ ತೆರಿಗೆಯ ಭಾಷೆಯಲ್ಲಿ ಬರೆಯುವುದಕ್ಕೂ, ಸುಳ್ಳು ಬಿಲ್ಲು ಸೃಷ್ಟಿಸಿ ವಂಚಿಸಿದ ಕೃತ್ಯವನ್ನೂ ಅದರಲ್ಲಿ ವಿವರಿಸಿ ಬರೆಯುವುದಕ್ಕೂ ಇರುವ ಅಂತರ ಇಲ್ಲಿ ಕೆಲಸಕ್ಕೆ ಬರುತ್ತದೆ. ಬ್ಯಾಂಕ್ ಗೋಪ್ಯತೆಯ ಕಾರಣ ನೀಡಿ ನೆರವು ನಿರಾಕರಿಸುವಂತಿಲ್ಲ ಎಂಬ ನಿಯಮವೂ ಈ ಎರಡು ಒಡಂಬಡಿಕೆಗಳಲ್ಲಿ ಇರುವುದರಿಂದ, ಕೋರಿಕೆಯ ಆಧಾರವಾಗಿ ಯಾವ ಒಡಂಬಡಿಕೆಯನ್ನು ಹೆಸರಿಸುತ್ತೇವೆ ಎಂಬುದು ಬರೀ ಔಪಚಾರಿಕ ಆಯ್ಕೆಯಲ್ಲ.

ನನಗೆ ಅತ್ಯಂತ ಉಪಯುಕ್ತವೆನಿಸಿದ ಅಂಶ ನಿರ್ದಿಷ್ಟ ವಿಧಾನಕ್ಕೆ ಸಂಬಂಧಿಸಿದ್ದು, ಮತ್ತು ಬಹುಮಂದಿ ಅವಸರದಲ್ಲಿ ದಾಟಿಹೋಗುವುದೂ ಅದನ್ನೇ. ಕೋರಿಕೆಯನ್ನು ಸ್ವೀಕರಿಸಿದ ದೇಶ ತನ್ನ ಕಾನೂನಿನಂತೆ ಅದನ್ನು ಈಡೇರಿಸುತ್ತದೆ. ಆದರೆ ಕೋರಿದವರು ಯಾವುದಾದರೂ ವಿಧಾನವನ್ನು ಸೂಚಿಸಿದ್ದರೆ, ಅದು ತನ್ನ ಕಾನೂನಿಗೆ ವಿರುದ್ಧವಾಗಿರದಿದ್ದರೆ ಮತ್ತು ಸಾಧ್ಯವಾದರೆ, ಅದನ್ನೂ ಪಾಲಿಸಬೇಕೆಂದು 18ನೇ ವಿಧಿ ಹೇಳುತ್ತದೆ. ಸೂಚಿಸದಿದ್ದರೆ ಪಾಲಿಸುವ ಪ್ರಶ್ನೆಯೇ ಇಲ್ಲ. ಸಾಕ್ಷಿಯ ಹೇಳಿಕೆಯನ್ನು ಪ್ರಮಾಣವಚನದ ಮೇಲೆ ದಾಖಲಿಸಬೇಕಿದ್ದರೆ, ಬ್ಯಾಂಕ್ ದಾಖಲೆಗಳ ಜೊತೆಗೆ ಅವು ದೈನಂದಿನ ವ್ಯವಹಾರದಲ್ಲಿ ಇಟ್ಟ ಲೆಕ್ಕಗಳೆಂದು ಜವಾಬ್ದಾರಿಯುತ ನೌಕರರ ಪ್ರಮಾಣಪತ್ರ ಬೇಕಿದ್ದರೆ, ಕಂಪ್ಯೂಟರಿನ ಪ್ರತಿ ತೆಗೆದಾಗ, ಆ ಪ್ರತಿ ಬದಲಾಗಿಲ್ಲವೆಂದು ತೋರಿಸುವ ಸಂಕೇತವಾದ ಹ್ಯಾಶ್ ಮೌಲ್ಯವನ್ನು ದಾಖಲಿಸಬೇಕಿದ್ದರೆ, ಅದನ್ನೆಲ್ಲ ಕೋರಿಕೆಯಲ್ಲೇ ಬರೆಯಬೇಕು, ಬೇಕಾದ ಪ್ರಮಾಣಪತ್ರದ ಮಾದರಿಯನ್ನು ಜೊತೆಗೆ ಲಗತ್ತಿಸಬೇಕು. ಇಷ್ಟು ಮಾಡದೆ ಕಳುಹಿಸಿದರೆ, ವರ್ಷ ಕಳೆದು ಬಂದ ದಪ್ಪ ಕಟ್ಟು ವಿಚಾರಣಾ ನ್ಯಾಯಾಲಯದಲ್ಲಿ ಆರೋಪಿಯ ವಕೀಲರ ಮೊದಲ ಆಕ್ಷೇಪಣೆಗೇ ಬಿದ್ದುಹೋಗಬಹುದು. ಕಳುಹಿಸಿದ ದೇಶ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿರುತ್ತದೆ, ಹಾಗಾಗಿ ಅದನ್ನು ದೂರುವಂತೆಯೂ ಇರುವುದಿಲ್ಲ. ಇಂಥದ್ದೊಂದು ಬೇಕೇ ಎಂದು ಪ್ರತ್ಯೇಕವಾಗಿ ಯೋಚಿಸುವಂತೆ ಮಾಡುವುದರಿಂದಲೇ ಹಂತಹಂತದ ನಮೂನೆ ಬಿಳಿ ಹಾಳೆಗಿಂತ ಮೇಲು.

ಗೋಪ್ಯತೆ, ತುರ್ತು, ಸಾಕ್ಷ್ಯದ ಬಳಕೆಯ ಮಿತಿ ಇವುಗಳ ವಿಚಾರದಲ್ಲಿ ಹೇಳಲು ಹೆಚ್ಚೇನಿಲ್ಲ. ಒಂದು ಪ್ರಕರಣಕ್ಕೆಂದು ಪಡೆದ ಸಾಕ್ಷ್ಯವನ್ನು ಕೊಟ್ಟ ದೇಶದ ಒಪ್ಪಿಗೆಯಿಲ್ಲದೆ ಮತ್ತೊಂದಕ್ಕೆ ಬಳಸುವಂತಿಲ್ಲವಾದ್ದರಿಂದ ಉದ್ದೇಶವನ್ನು ತೀರ ಕಿರಿದಾಗಿ ಬರೆಯದಿರುವುದು ಜಾಣತನ. ತುರ್ತು ಎಂದು ಬರೆಯುವವರು ಅದಕ್ಕೆ ಕಾರಣವನ್ನೂ ದಿನಾಂಕವನ್ನೂ ಕೊಡಬೇಕು. ಎಲ್ಲ ಕೋರಿಕೆಗಳ ಮೇಲೂ ತುರ್ತು ಮುದ್ರೆ ಒತ್ತುವ ಕಚೇರಿಯ ಮಾತನ್ನು ಎದುರಿನವರು ಬಹುಬೇಗ ನಂಬುವುದನ್ನು ಬಿಡುತ್ತಾರೆ.

ಎಲೆಕ್ಟ್ರಾನಿಕ್ ಸಾಕ್ಷ್ಯದ ವಿಷಯಕ್ಕೆ ಬಂದಾಗ ಯಾವುದೇ ಸಾಮಾನ್ಯ ನಮೂನೆಯ ಇತಿಮಿತಿ ಎದ್ದು ಕಾಣುತ್ತದೆ. ಜಗತ್ತಿನ ದೊಡ್ಡ ಇಮೇಲ್ ಮತ್ತು ಸಾಮಾಜಿಕ ಜಾಲತಾಣ ಕಂಪನಿಗಳಲ್ಲಿ ಬಹುಪಾಲು ಅಮೆರಿಕದವಾದ್ದರಿಂದ, ಬೇರೆಲ್ಲ ದೇಶಗಳ ಕೋರಿಕೆಗಳೂ ಅಲ್ಲಿನ ನ್ಯಾಯ ಇಲಾಖೆಯ ಬಾಗಿಲಿಗೆ ಹೋಗಿ ನಿಲ್ಲುತ್ತವೆ. ಖಾತೆದಾರರ ಹೆಸರು, ಲಾಗಿನ್ ಆದ ಸಮಯದಂಥ ಮೂಲ ವಿವರಕ್ಕೆ ಅಲ್ಲಿನ ಕಾನೂನಿನ ಅಳತೆಗೋಲು ಸಡಿಲ. ಆದರೆ ಇಮೇಲಿನ ಒಳಪಠ್ಯ ಬೇಕಿದ್ದರೆ ಆ ಖಾತೆಯಲ್ಲಿ ಅಪರಾಧದ ಸಾಕ್ಷ್ಯ ಇದೆಯೆಂದು ನಂಬಲು ಸಕಾರಣವಿದೆ ಎಂದು ನ್ಯಾಯಾಧೀಶರಿಗೆ ಮನವರಿಕೆ ಮಾಡಿ ಶೋಧನಾ ವಾರಂಟ್ ಪಡೆಯಬೇಕು. ಬೇರೆ ದೇಶಗಳ ತನಿಖಾಧಿಕಾರಿಗಳು ಎಡವುವುದು ಇಲ್ಲೇ. ಮಾಹಿತಿ ಯಾರಿಂದ ಬಂತು, ಆ ವ್ಯಕ್ತಿಯನ್ನು ನಂಬಬಹುದೇಕೆ, ಅದು ಹಳತಾಗಿಲ್ಲವೇ ಎಂಬುದನ್ನೆಲ್ಲ ವಿವರಿಸುವ ಅಭ್ಯಾಸ ಅವರ ಸ್ವಂತ ವ್ಯವಸ್ಥೆಯಲ್ಲಿ ಇರುವುದಿಲ್ಲ. ಅಮೆರಿಕ ಅಧ್ಯಕ್ಷರು ನೇಮಿಸಿದ್ದ ಪರಾಮರ್ಶನಾ ಸಮಿತಿಯೇ 2013ರ ಡಿಸೆಂಬರ್‌ನ ತನ್ನ ವರದಿಯಲ್ಲಿ, ಇಂಥ ಕೋರಿಕೆಗಳು ಈಡೇರಲು ಸರಾಸರಿ ಸುಮಾರು 10 ತಿಂಗಳು ಹಿಡಿಯುತ್ತಿದೆ ಎಂದು ಬರೆದಿತ್ತು. ಅಷ್ಟರಲ್ಲಿ ಸರ್ವರಿನ ಮಾಹಿತಿ ಅಳಿಸಿಹೋಗಿರುತ್ತದೆ. ಆದ್ದರಿಂದ ಕೋರಿಕೆ ಬರೆಯಲು ಕೂರುವುದಕ್ಕೆ ಮೊದಲೇ ಮಾಹಿತಿಯನ್ನು ಅಳಿಸದಂತೆ ಕಾಯ್ದಿರಿಸುವ ಮನವಿಯನ್ನು ಕಳುಹಿಸಿಬಿಡಬೇಕು. 2001ರ ಬುಡಾಪೆಸ್ಟ್ ಸೈಬರ್ ಅಪರಾಧ ಒಡಂಬಡಿಕೆಯ ಸದಸ್ಯ ದೇಶಗಳ ನಡುವೆ ಇದಕ್ಕಾಗಿ ಹಗಲಿರುಳೂ ಎಚ್ಚರವಿರುವ ಸಂಪರ್ಕ ಜಾಲವಿದೆ; ಹಾಗೆ ಕಾಯ್ದಿರಿಸಿದ ಮಾಹಿತಿಯನ್ನು ಕನಿಷ್ಠ 60 ದಿನ ಉಳಿಸಬೇಕೆಂದು ಅದರ 29ನೇ ವಿಧಿ ಹೇಳುತ್ತದೆ. ಆ 60 ದಿನಗಳೊಳಗೆ ಔಪಚಾರಿಕ ಕೋರಿಕೆ ತಲುಪಿದರೆ, ಅದರ ಬಗ್ಗೆ ತೀರ್ಮಾನವಾಗುವವರೆಗೂ ಮಾಹಿತಿ ಹಾಗೆಯೇ ಉಳಿಯುತ್ತದೆ. ತಂತ್ರಾಂಶದಿಂದ ಉಳಿಯುವ ಸಮಯಕ್ಕೆ ನಿಜವಾದ ಬೆಲೆ ಬರುವುದು ಈ ಗಡುವಿನ ಎದುರು.

ಇನ್ನು ಇದರ ದೊಡ್ಡ ಕೊರತೆ. ತಂತ್ರಾಂಶ ಕೋರಿಕೆಯನ್ನು ಬರೆಸುತ್ತದೆ, ಸಾಗಿಸುವುದಿಲ್ಲ. ಕರಡು ಸಿದ್ಧವಾದ ಕ್ಷಣದಿಂದ ಮುಂದಿನದೆಲ್ಲ ಹಳೆಯ ದಾರಿಯೇ: ಮುದ್ರಿಸಿ, ಸಹಿ ಮಾಡಿಸಿ, ಭಾಷಾಂತರಿಸಿ, ದೃಢೀಕರಿಸಿ, ಕೇಂದ್ರ ಪ್ರಾಧಿಕಾರದ ಮೂಲಕ ಅಥವಾ ರಾಜತಾಂತ್ರಿಕ ಮಾರ್ಗದಲ್ಲಿ ರವಾನಿಸಬೇಕು. ಸ್ವೀಕರಿಸುವ ದೇಶ ಸತ್ಯಾಸತ್ಯತೆಯನ್ನು ಖಚಿತಪಡಿಸಿಕೊಳ್ಳಲು ಆಗುವಂತಿದ್ದರೆ, ಲಿಖಿತ ದಾಖಲೆ ಉಂಟುಮಾಡಬಲ್ಲ ಯಾವುದೇ ವಿಧಾನದಿಂದ ಕೋರಿಕೆ ಕಳುಹಿಸಬಹುದೆಂದು 18ನೇ ವಿಧಿಯ 14ನೇ ಪರಿಚ್ಛೇದ 2000ದಲ್ಲೇ ಬಾಗಿಲು ತೆರೆದಿಟ್ಟಿದೆ; ತುರ್ತಿದ್ದಾಗ ಎರಡೂ ದೇಶಗಳು ಒಪ್ಪಿದರೆ ಬಾಯಿಮಾತಿನಲ್ಲಿ ಕೋರಿ ತಕ್ಷಣ ಲಿಖಿತವಾಗಿ ದೃಢಪಡಿಸಬಹುದು, ಇಂಟರ್‌ಪೋಲ್ ಮೂಲಕವೂ ಕಳುಹಿಸಬಹುದು. ಹೀಗಿದ್ದೂ ಕಾಗದದ ಮೂಲಪ್ರತಿ ಕೈಸೇರದೆ ಕೆಲಸ ಆರಂಭಿಸದ ದೇಶಗಳು ಇಂದಿಗೂ ಇವೆ.

ಈ ಕೊರತೆಯನ್ನು ಪಕ್ಕದ ಇತರ ಸೇವೆಗಳ ಜೊತೆ ಇಟ್ಟು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಐಬೆರೋ-ಅಮೆರಿಕನ್ ದೇಶಗಳ, ಅಂದರೆ ಸ್ಪೇನ್, ಪೋರ್ಚುಗಲ್ ಮತ್ತು ಲ್ಯಾಟಿನ್ ಅಮೆರಿಕದ ದೇಶಗಳ, ನ್ಯಾಯಿಕ ಸಹಕಾರ ಜಾಲ ಐಬರ್‌ರೆಡ್ ತನ್ನ ಸುರಕ್ಷಿತ ವೇದಿಕೆಯ ಮೂಲಕ ಕೇಂದ್ರ ಪ್ರಾಧಿಕಾರಗಳನ್ನು ನೇರವಾಗಿ ಜೋಡಿಸಿದೆ, ಮತ್ತು 2019ರಲ್ಲಿ ಕೊಲಂಬಿಯಾದ ಮೆಡೆಲಿನ್‌ನಲ್ಲಿ ಸಹಿಯಾದ ಒಪ್ಪಂದ ಆ ವೇದಿಕೆಯ ಮೂಲಕ ವಿದ್ಯುನ್ಮಾನವಾಗಿ ಕೋರಿಕೆ ಕಳುಹಿಸುವುದಕ್ಕೆ ಕಾನೂನಿನ ಮಾನ್ಯತೆ ನೀಡಲು ಮಾಡಿಕೊಂಡದ್ದು. ಯುರೋಪಿಯನ್ ಒಕ್ಕೂಟ ಇನ್ನೂ ಮುಂದೆ ಹೋಗಿದೆ. ಅಲ್ಲಿ 2014ರ ನಿರ್ದೇಶನದಂತೆ ಕೋರಿಕೆಯ ಜಾಗದಲ್ಲಿ ಯುರೋಪಿಯನ್ ತನಿಖಾ ಆದೇಶ ಬಂದಿದೆ. ಅದಕ್ಕೆ ಅದರಲ್ಲಿ ಸೇರಿರುವ ಎಲ್ಲ ದೇಶಗಳಿಗೂ ಒಂದೇ ನಮೂನೆ, ಮಾನ್ಯ ಮಾಡಲು 30 ದಿನ, ಅನಂತರ ಕಾರ್ಯಗತಗೊಳಿಸಲು 90 ದಿನಗಳ ಗಡುವು. ಆ ನಮೂನೆಗಳನ್ನು ತುಂಬಿ ಸುರಕ್ಷಿತವಾಗಿ ಕಳುಹಿಸಲು ನ್ಯಾಯಾಂಗ ಕಡತಗಳ ವಿನಿಮಯಕ್ಕಿರುವ ಇ-ಕೋಡೆಕ್ಸ್ ಎಂಬ ತಂತ್ರಜ್ಞಾನ ಆಧಾರಿತ ವ್ಯವಸ್ಥೆಯನ್ನೂ ಅವರು ಕಟ್ಟಿಕೊಂಡಿದ್ದಾರೆ. 2023ರಲ್ಲಿ ಅಂಗೀಕರಿಸಿ 2026ರ ಆಗಸ್ಟ್ 18ರಿಂದ ಅನ್ವಯಿಸುವಂತೆ ಮಾಡಿದ ಇ-ಸಾಕ್ಷ್ಯ ನಿಯಮಾವಳಿಯಲ್ಲಿ ಆದೇಶ ನೇರವಾಗಿ ಸೇವಾ ಕಂಪನಿಗೇ ಹೋಗುತ್ತದೆ, ಉತ್ತರಕ್ಕೆ ಸಾಮಾನ್ಯವಾಗಿ 10 ದಿನ, ತುರ್ತಿನಲ್ಲಿ 8 ಗಂಟೆ ಅವಕಾಶವಿದೆ. ಅಮೆರಿಕ ಮತ್ತು ಬ್ರಿಟನ್ ನಡುವೆ 2022ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಒಪ್ಪಂದವೂ ಕಂಪನಿಗೆ ನೇರವಾಗಿ ಹೋಗುವ ಇದೇ ಜಾಡಿನದು. ಇಂಥ ವ್ಯವಸ್ಥೆಗಳ ಒಳಗಿರುವವರಿಗೆ ಎಂಎಲ್‌ಎ ಟೂಲ್ ಹಳೆಯ ಕಾಲದ್ದೆನಿಸಿದರೆ ಆಶ್ಚರ್ಯವಿಲ್ಲ. ಆದರೆ ಇವೆಲ್ಲ ಪರಸ್ಪರ ನಂಬಿಕೆಯಿರುವ ಕೆಲವು ದೇಶಗಳ ಕೂಟಗಳು. ಆ ಕೂಟದ ಹೊರಗಿನ ದೇಶಕ್ಕೆ ಬರೆಯಬೇಕಾದಾಗ ಯುರೋಪಿನ ಅಭಿಯೋಜಕರೂ ಹಳೆಯ ಕೋರಿಕೆ ಪತ್ರಕ್ಕೇ ಮರಳಬೇಕು.

ತಂತ್ರಾಂಶದ ಜೊತೆಗೆ ಬಳಸಲೇಬೇಕಾದ ಇನ್ನೊಂದು ಸೇವೆಯೆಂದರೆ ಯುಎನ್‌ಒಡಿಸಿಯೇ ನಡೆಸುವ ಸಕ್ಷಮ ರಾಷ್ಟ್ರೀಯ ಪ್ರಾಧಿಕಾರಗಳ ಕೈಪಿಡಿ. ಯಾವ ದೇಶದಲ್ಲಿ ಕೋರಿಕೆಯನ್ನು ಯಾರಿಗೆ ಕಳುಹಿಸಬೇಕು, ಯಾವ ಭಾಷೆಯಲ್ಲಿ ಕಳುಹಿಸಬೇಕು ಎಂಬ ಮಾಹಿತಿ ಅದರಲ್ಲಿದೆ. ಭಾಷಾಂತರದ ವಿಷಯದಲ್ಲಿ ಈ ಪರಿಶೀಲನೆ ಬಹಳ ಮುಖ್ಯ. ಸ್ವೀಕರಿಸುವ ದೇಶ ಒಪ್ಪುವ ಭಾಷೆಯನ್ನು ಮೊದಲೇ ನೋಡಿಕೊಳ್ಳದೆ ಭಾಷಾಂತರಕ್ಕೆ ಕೊಟ್ಟರೆ ವೆಚ್ಚವೂ ಕಾಲವೂ ವ್ಯರ್ಥ. ಕಾನೂನು ಭಾಷಾಂತರಕ್ಕೆ ಕೊಡಲಿರುವ ಕೋರಿಕೆಯಲ್ಲಿ ವಾಕ್ಯಗಳು ಚಿಕ್ಕದಾಗಿರಬೇಕು, ಸಂಕ್ಷೇಪಾಕ್ಷರಗಳನ್ನು ಬಿಡಿಸಿ ಬರೆದಿರಬೇಕು, ಕಚೇರಿ ಬಳಕೆಯ ಪರಿಭಾಷೆ ಇರಬಾರದು. ತಂತ್ರಾಂಶದ ಸಿದ್ಧ ವಾಕ್ಯಗಳು ಈ ದೃಷ್ಟಿಯಿಂದ ಚೆನ್ನಾಗಿಯೇ ಇವೆ. ತೊಡಕಾಗುವುದು ನಾವು ಸೇರಿಸುವ ಭಾಗದಲ್ಲಿ, ದೋಷಾರೋಪಣಾ ಪಟ್ಟಿಯ ಅರ್ಧ ಪುಟದ ವಾಕ್ಯಗಳನ್ನು ಹಾಗೆಯೇ ಎತ್ತಿ ಅಂಟಿಸಿದಾಗ.

ಮತ್ತೊಂದು ಮಾತು, ಇದು ತಂತ್ರಾಂಶದ ತಪ್ಪೇನಲ್ಲ. ಕೋರಿಕೆ ತಯಾರಿಸುವ ಸಾಧನ ಸುಲಭವಾಗಿ ಕೈಗೆ ಸಿಕ್ಕಿತೆಂದು, ಕೋರಿಕೆಯೇ ಬೇಕಿಲ್ಲದ ಕಡೆಯೂ ಅದನ್ನು ಬಳಸುವ ಪ್ರವೃತ್ತಿ ಬೆಳೆಯಬಾರದು. ಸಾರ್ವಜನಿಕ ದಾಖಲೆಗಳಲ್ಲಿ ಸಿಗುವ ಕಂಪನಿ ನಿರ್ದೇಶಕರ ಹೆಸರು, ಆರೋಪಿ ಆ ದೇಶದಲ್ಲಿ ಇದ್ದಾನೆಯೇ ಎಂಬಂಥ ಮಾಹಿತಿ ಪೊಲೀಸರಿಂದ ಪೊಲೀಸರಿಗೆ ನೇರವಾಗಿ ಸಿಗುತ್ತದೆ; ಅನುಮಾನಾಸ್ಪದ ಹಣ ವರ್ಗಾವಣೆಯ ಸುಳಿವುಗಳು ವಿವಿಧ ದೇಶಗಳ ಹಣಕಾಸು ಗುಪ್ತಚರ ಘಟಕಗಳ ಕೂಟವಾದ ಎಗ್ಮಾಂಟ್ ಗುಂಪಿನ ಮೂಲಕ ಆ ಘಟಕಗಳ ನಡುವೆ ಓಡಾಡುತ್ತವೆ. ಹೀಗೆ ಸಿಕ್ಕಿದ್ದು ನ್ಯಾಯಾಲಯದಲ್ಲಿ ಸಾಕ್ಷ್ಯವಾಗದಿರಬಹುದು, ಆದರೆ ಮೇಲೆ ಹೇಳಿದ ಖಾತೆ ಸಂಖ್ಯೆ ಸಿಗುವುದು ಬಹುಸಲ ಅಲ್ಲಿಂದಲೇ. ಕರಡನ್ನು ಅಂತಿಮಗೊಳಿಸುವ ಮೊದಲು ಎದುರಿನ ಕೇಂದ್ರ ಪ್ರಾಧಿಕಾರಕ್ಕೆ ಅನೌಪಚಾರಿಕವಾಗಿ ಕಳುಹಿಸಿ ಅಭಿಪ್ರಾಯ ಕೇಳುವುದಕ್ಕೂ ಅಡ್ಡಿಯಿಲ್ಲ. ಇದಕ್ಕೆ ಸಿದ್ಧರಿರುವ ಪ್ರಾಧಿಕಾರಗಳು ಸಾಕಷ್ಟಿವೆ, ಮತ್ತು ಅವರಿಂದ ಬರುವ ಎರಡು ಸಾಲಿನ ಟಿಪ್ಪಣಿ ಯಾವ ನಮೂನೆಯೂ ಕೊಡದ ಸಹಾಯವನ್ನು ಕೊಡುತ್ತದೆ.

ಹಾಗಾದರೆ ಯಾರು ಬಳಸಬೇಕು? ವಾರಕ್ಕೆ ಹತ್ತಾರು ಕೋರಿಕೆಗಳನ್ನು ನಿಭಾಯಿಸುವ ದೊಡ್ಡ ದೇಶಗಳ ಕೇಂದ್ರ ಪ್ರಾಧಿಕಾರಗಳಿಗೆ ಇದರ ಅಗತ್ಯ ಅಷ್ಟಾಗಿಲ್ಲ. ಅವರ ಬಳಿ ತಮ್ಮದೇ ಮಾದರಿಗಳೂ ವರ್ಷಗಳ ಅನುಭವವೂ ಇರುತ್ತವೆ. ಸಿಬ್ಬಂದಿ ಕಡಿಮೆ ಇರುವ, ಅಧಿಕಾರಿಗಳು ಪದೇ ಪದೇ ಬದಲಾಗುವ, ಹಳಬರ ತಿಳಿವಳಿಕೆ ಅವರ ವರ್ಗಾವಣೆಯೊಂದಿಗೆ ಹೊರಟುಹೋಗುವ ಕಚೇರಿಗಳಿಗೆ ಇದು ನಿಜಕ್ಕೂ ವರದಾನ. ಹೊಸ ಅಭಿಯೋಜಕರ ತರಬೇತಿಗೆ ಇದಕ್ಕಿಂತ ಒಳ್ಳೆಯ ಉಚಿತ ಸಾಧನ ನನಗೆ ಕಂಡಿಲ್ಲ. ಮುಂದಿನ ಪರಿಷ್ಕರಣೆಗೆ ಕಾರಣವೂ ಒದಗಿದೆ: 2024ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ ಸೈಬರ್ ಅಪರಾಧ ವಿರೋಧಿ ಒಡಂಬಡಿಕೆಯ ಅಡಿಯಲ್ಲಿ ಬರೆಯುವ ಕೋರಿಕೆಗಳಿಗೂ ನಮೂನೆ ಬೇಕಾಗುತ್ತದೆ. ಆ ಕೆಲಸ ಕೈಗೆತ್ತಿಕೊಳ್ಳುವವರು ಸಂಗತಿಗಳ ಸಾರಾಂಶ ಬರೆಯುವ ಒಂದೇ ದೊಡ್ಡ ಪೆಟ್ಟಿಗೆಯನ್ನು ಒಡೆದು, ಈ ಮಾಹಿತಿ ನಿಮಗೆ ಯಾರಿಂದ ಬಂತು, ಕೇಳುತ್ತಿರುವ ದಾಖಲೆ ಆ ದೇಶದಲ್ಲೇ ಇದೆಯೆಂದು ಹೇಗೆ ಗೊತ್ತು, ಅದು ಅಪರಾಧದ ಯಾವ ಅಂಶವನ್ನು ಸಾಬೀತುಪಡಿಸುತ್ತದೆ ಎಂದು ಮೂರು ಬೇರೆ ಬೇರೆ ಪ್ರಶ್ನೆಗಳಾಗಿ ಕೇಳಿ, ಉತ್ತರ ಬರೆಯದವರನ್ನು ಮುಂದಿನ ಪರದೆಗೆ ಬಿಡದಿದ್ದರೆ ಸಾಕು.